ದೀರ್ಘಕಾಲದ ನೋವು ಮತ್ತು ನೋವಿನ ಮಾತ್ರೆ: ತೀರ್ಮಾನಿಸುವ ಹಾದಿಯ ಹೆಜ್ಜೆಗಳು

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ, ಇಲ್ಲವೇ ಹೋದಂತೆ ಮಾಡಿ ಮತ್ತೆ ಮತ್ತೆ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಸೊಂಟ, ಮಂಡಿ, ಕುತ್ತಿಗೆ, ತಲೆ, ಹೊಟ್ಟೆ, ಹೀಗೆ ಅದು ಎಲ್ಲಿ ಬೇಕಾದರೂ ನೆಲೆಯೂರಬಹುದು. ಅದರೊಂದಿಗೆ ಬದುಕುವವರ ಹೆಗಲ ಮೇಲೆ ಇನ್ನೊಂದು ಭಾರವೂ ಇರುತ್ತದೆ. ಅದು ಮಾತ್ರೆಯ ಬಗ್ಗೆ ಸುತ್ತಲಿನವರು ಆಡುವ ಮಾತಿನ ಭಾರ. “ಇಷ್ಟಕ್ಕೆಲ್ಲ ಮಾತ್ರೆ ನುಂಗಬೇಕೇ, ಸ್ವಲ್ಪ ಸಹಿಸಿಕೊಳ್ಳಬಾರದೇ” ಎನ್ನುವವರು ಒಂದು ಕಡೆ, “ಹೀಗೆ ಒದ್ದಾಡುವ ಬದಲು ಡಾಕ್ಟರ ಹತ್ತಿರ ಜೋರಾದ ಮಾತ್ರೆ ಬರೆಸಿಕೊಳ್ಳಿ” ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಅಳೆಯುತ್ತಿರುವುದು ರೋಗಿಯ ಗಟ್ಟಿತನವನ್ನು. ಔಷಧದ ಗುಣದೋಷ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಔಷಧವನ್ನು ತೂಗಿ ನೋಡಲು ಬೇಕಾದ ಪ್ರಶ್ನೆ ಬೇರೆಯದು: ಇದನ್ನು ತೆಗೆದುಕೊಂಡದ್ದರಿಂದ ಕೈತಪ್ಪಿದ್ದ ಯಾವ ಕೆಲಸ ಮರಳಿ ಕೈಗೆ ಬಂತು, ಅದಕ್ಕಾಗಿ ದೇಹ ತೆರುತ್ತಿರುವ ಬೆಲೆ ಎಷ್ಟು? ಮುಂದಿನ ಹೆಜ್ಜೆಗಳೆಲ್ಲ ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕಂಡುಕೊಳ್ಳಲು ನೆರವಾಗುವಂಥವು. ವೈದ್ಯರು ಒಮ್ಮೆಯಾದರೂ ಪರೀಕ್ಷಿಸಿರುವ ನೋವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಪರೀಕ್ಷೆಯೇ ಆಗಿಲ್ಲದಿದ್ದರೆ ಅದೇ ಮೊದಲು ಆಗಬೇಕು.

ಮೊದಲ ಹೆಜ್ಜೆ: ನಿಮ್ಮ ನೋವು ಯಾವ ಬಗೆಯದೆಂದು ತಿಳಿದುಕೊಳ್ಳಿ

ಬೆರಳು ಸುಟ್ಟಾಗ ಆಗುವ ನೋವು ಎಚ್ಚರಿಕೆಯ ಕೆಲಸ ಮಾಡುತ್ತದೆ, ಗಾಯ ಮಾಯುತ್ತಿದ್ದಂತೆ ತಾನೂ ಹೋಗುತ್ತದೆ. ದೀರ್ಘಕಾಲದ ನೋವಿನಲ್ಲಿ ಈ ನಂಟು ಸಡಿಲವಾಗಿರುತ್ತದೆ. ಕಳ್ಳ ಊರು ಬಿಟ್ಟು ಹೋದ ಮೇಲೂ ರಾತ್ರಿಯಿಡೀ ಬೊಗಳುತ್ತಲೇ ಇರುವ ನಾಯಿಯಂತೆ, ಗಾಯ ಮಾಯ್ದ ಬಳಿಕವೂ ಬೆನ್ನುಹುರಿ ಮತ್ತು ಮಿದುಳಿನ ನರಜಾಲ ಸೂಕ್ಷ್ಮಗೊಂಡ ಸ್ಥಿತಿಯಲ್ಲೇ ಉಳಿದುಬಿಡಬಹುದು. ಆಗ ಸಾಮಾನ್ಯ ಸ್ಪರ್ಶ ಅಥವಾ ಚಲನೆಯೂ ನೋವಾಗಿ ಅನುಭವಕ್ಕೆ ಬರುತ್ತದೆ. ದೇಹದಿಂದ ಹೊರಟ ನೋವಿನ ಸಂಕೇತ ಮಿದುಳನ್ನು ಇದ್ದ ಹಾಗೆಯೇ ತಲುಪುವುದಿಲ್ಲ, ಬೆನ್ನುಹುರಿಯಲ್ಲಿಯೇ ಅದು ಹೆಚ್ಚುಕಡಿಮೆಯಾಗುತ್ತದೆ ಎಂಬ ವಿವರಣೆಯನ್ನು ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟರು. ಅದರ ವಿವರಗಳು ಆಮೇಲೆ ತಿದ್ದುಪಡಿ ಕಂಡವಾದರೂ ತಿರುಳು ಉಳಿದುಕೊಂಡಿದೆ. ನಿದ್ದೆ, ಆತಂಕ, ಗಮನ, ಹಿಂದಿನ ಅನುಭವ ಇವೆಲ್ಲ ನೋವನ್ನು ಏರಿಸುವುದೂ ಇಳಿಸುವುದೂ ಇದರಿಂದಲೇ. ಹಾಗೆಂದ ಮಾತ್ರಕ್ಕೆ ನೋವು ಕಲ್ಪನೆಯಲ್ಲ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಎಂಬ ಕಾರಣಕ್ಕೆ ರೋಗಿಯ ಮಾತನ್ನು ಅನುಮಾನಿಸುವುದಕ್ಕೆ ಶಾಸ್ತ್ರದ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ದೀರ್ಘಕಾಲದ ನೋವಿಗೆ ಅದರಲ್ಲಿ ಪ್ರತ್ಯೇಕ ಸ್ಥಾನ ದೊರೆಯಿತು, ಬೇರೆ ರೋಗದ ಲಕ್ಷಣವಾಗಿರದೆ ನೋವೇ ಒಂದು ರೋಗವಾಗಿರಬಹುದು ಎಂಬುದಕ್ಕೂ ಮನ್ನಣೆ ಸಿಕ್ಕಿತು.

ನೋವನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡುತ್ತಾರೆ. ಸವೆದ ಕೀಲು, ಉರಿಯೂತ ಮುಂತಾದ ಅಂಗಾಂಶದ ಹಾನಿಯಿಂದ ಬರುವ ನೋವು ಮೊದಲನೆಯದು. ನರಕ್ಕೇ ಪೆಟ್ಟಾಗಿ ಬರುವುದು ಎರಡನೆಯದು. ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವು ಈ ಗುಂಪಿನವು, ಉರಿ, ಜುಮ್ಮೆನ್ನುವಿಕೆ, ವಿದ್ಯುತ್ ಹರಿದಂತಹ ಸೆಳೆತ ಇದರ ಗುರುತು. ನರಮಂಡಲದ ಸೂಕ್ಷ್ಮತೆಯೇ ಮುಖ್ಯ ಕಾರಣವಾಗಿರುವ ನೋವು ಮೂರನೆಯದು, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ ಅದಕ್ಕೆ ಉದಾಹರಣೆ. ಒಬ್ಬರಲ್ಲೇ ಎರಡು ಬಗೆ ಬೆರೆತಿರುವುದೂ ಉಂಟು. ಈ ವಿಂಗಡಣೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಒಂದು ಬಗೆಯ ನೋವಿಗೆ ಹೊಂದುವ ಔಷಧ ಇನ್ನೊಂದಕ್ಕೆ ನಿರುಪಯೋಗಿಯಾಗಬಹುದು, ಆಗ ರೋಗಿ “ನನಗೆ ಯಾವ ಮಾತ್ರೆಯೂ ನಾಟುವುದಿಲ್ಲ” ಎಂಬ ನಿರ್ಧಾರಕ್ಕೆ ಬಂದುಬಿಡುತ್ತಾರೆ. ಆದ್ದರಿಂದ ವೈದ್ಯರನ್ನು “ನನ್ನ ನೋವು ಇವುಗಳಲ್ಲಿ ಯಾವುದು” ಎಂದು ನೇರವಾಗಿ ಕೇಳಿ.

ಹಳೆಯ ನೋವಿನ ನಡುವೆ ಹೊಸ ಅಪಾಯ ಅಡಗಿಕೊಳ್ಳಬಹುದು ಎಂಬುದೂ ನೆನಪಿರಲಿ. ಮಲಮೂತ್ರದ ಹಿಡಿತ ತಪ್ಪುವುದು, ತೊಡೆಗಳ ನಡುವಿನ ಭಾಗ ಮರಗಟ್ಟುವುದು, ಕಾಲಿನ ಬಲ ಕುಸಿಯುವುದು, ಒಮ್ಮೆಲೇ ಸಿಡಿದಂತಹ ತಲೆನೋವು, ಎದೆನೋವು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ನೋವಿನ ಜೊತೆಗೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸ ನೋವು ಹುಟ್ಟಿದರೆ, ಹಳೆಯ ಮಾತ್ರೆಯಿಂದಲೇ ಅದನ್ನು ಅದುಮಿಡದೆ ಬೇಗನೆ ವೈದ್ಯರಿಗೆ ತೋರಿಸಬೇಕು.

ಎರಡನೆಯ ಹೆಜ್ಜೆ: ಮಾಡಲಾದ ಕೆಲಸವನ್ನು ಬರೆದಿಡಿ

ಒಂದು ಚಿಕ್ಕ ಪುಸ್ತಕ ಸಾಕು. ಗಂಟೆಗೊಮ್ಮೆ ನೋವಿಗೆ ಅಂಕ ಕೊಡುತ್ತ ಕೂರುವುದು ಬೇಡ, ಅದರಿಂದ ಗಮನವೆಲ್ಲ ನೋವಿನ ಮೇಲೆಯೇ ನೆಡುತ್ತದೆ. ದಿನಕ್ಕೆ ಒಮ್ಮೆ, ಮಲಗುವ ಮುನ್ನ, ಸೊನ್ನೆಯಿಂದ ಹತ್ತರೊಳಗೆ ಮೂರು ಅಂಕ ಬರೆಯಿರಿ: ಒಟ್ಟಾರೆ ನೋವು ಎಷ್ಟಿತ್ತು, ಅದು ದಿನದ ಸಂತೋಷವನ್ನು ಎಷ್ಟು ಕೆಡಿಸಿತು, ಓಡಾಟ ಮತ್ತು ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು. ಅದರ ಕೆಳಗೆ ಯಾವ ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಂಡಿರಿ, ರಾತ್ರಿ ನಿದ್ದೆ ಹೇಗಾಯಿತು, ಎಷ್ಟು ಹೊತ್ತು ನಡೆದಿರಿ ಅಥವಾ ಕುಳಿತಿರಿ ಎಂಬುದನ್ನು ಒಂದೆರಡು ಸಾಲಿನಲ್ಲಿ ಸೇರಿಸಿ. ಎರಡು ವಾರದ ಇಂಥ ಬರಹ ವೈದ್ಯರ ಕೋಣೆಯಲ್ಲಿ “ತುಂಬಾ ನೋವು ಡಾಕ್ಟರೇ” ಎಂಬ ಮಾತಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ನಿಮಗೂ ಅದರಿಂದ ಕೆಲವು ಸತ್ಯ ತಿಳಿಯುತ್ತದೆ. ಮಾತ್ರೆ ನುಂಗಿದ ದಿನಗಳಲ್ಲಿ ನೋವಿನ ಅಂಕ ಅಷ್ಟೇನೂ ಇಳಿಯದಿದ್ದರೂ ನಡಿಗೆ ಹೆಚ್ಚಾಗಿರುವುದು ಕಾಣಬಹುದು, ಅಥವಾ ಅಂಕ ಇಳಿದಿದ್ದರೂ ದಿನವೆಲ್ಲ ತೂಕಡಿಕೆಯಲ್ಲೇ ಕಳೆದಿರುವುದು ಕಾಣಬಹುದು.

ಮೂರನೆಯ ಹೆಜ್ಜೆ: ಗುರಿಯನ್ನು ಮೊದಲೇ ನಿಶ್ಚಯಿಸಿ

ದೀರ್ಘಕಾಲದ ನೋವಿನಲ್ಲಿ ನೋವು ಸೊನ್ನೆಗೆ ಇಳಿಯಬೇಕೆಂಬುದನ್ನೇ ಗುರಿಯಾಗಿಟ್ಟುಕೊಂಡರೆ ನಿರಾಶೆಯೇ ಹೆಚ್ಚು, ಆ ಗುರಿಯ ಬೆನ್ನು ಹತ್ತಿದವರ ಮಾತ್ರೆಯ ಪ್ರಮಾಣ ಏರುತ್ತ ಹೋಗುವ ಅಪಾಯವೂ ಇದೆ. ಸಂಶೋಧಕರು ಸಾಮಾನ್ಯವಾಗಿ ನೋವು ಶೇಕಡಾ 30ರಷ್ಟು ಇಳಿದರೆ ಅದನ್ನು ಅರ್ಥಪೂರ್ಣ ಸುಧಾರಣೆ ಎಂದು ಪರಿಗಣಿಸುತ್ತಾರೆ. ಅದಕ್ಕಿಂತಲೂ ಉಪಯುಕ್ತವಾದದ್ದು ಕೆಲಸದ ರೂಪದ ಗುರಿ: ಇಪ್ಪತ್ತು ನಿಮಿಷ ನಿಲ್ಲದೆ ನಡೆಯುವುದು, ಮಗುವನ್ನು ಎತ್ತಿಕೊಳ್ಳುವುದು, ರಾತ್ರಿ ಐದು ಗಂಟೆ ಎಡೆಬಿಡದೆ ನಿದ್ರಿಸುವುದು, ಕೆಲಸದ ಜಾಗದಲ್ಲಿ ಅರ್ಧ ದಿನ ಕುಳಿತಿರುವುದು. ಅಂಥ ಒಂದನ್ನೋ ಎರಡನ್ನೋ ಆರಿಸಿ ಪುಸ್ತಕದ ಮೊದಲ ಪುಟದಲ್ಲಿ ಬರೆದು, ವೈದ್ಯರಿಗೂ ಹೇಳಿ.

ನಾಲ್ಕನೆಯ ಹೆಜ್ಜೆ: ಪ್ರತಿ ಔಷಧವನ್ನೂ ಅದರ ಗುಣದಿಂದಲೇ ಅರಿಯಿರಿ

“ನೋವಿನ ಮಾತ್ರೆ” ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವೇ ಇಲ್ಲದ ಔಷಧಗಳು ಸೇರಿಕೊಂಡಿರುವುದರಿಂದಲೇ ಇವುಗಳ ಬಗ್ಗೆ ಭಯವೂ ಉದಾಸೀನವೂ ತಪ್ಪು ಜಾಗದಲ್ಲಿ ನೆಲೆಸಿವೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆಗೆ ಯಾರೂ ಹೆದರುವುದಿಲ್ಲ, ವೈದ್ಯರು ಯೋಚಿಸಿ ಸಣ್ಣ ಪ್ರಮಾಣದಲ್ಲಿ ಬರೆದುಕೊಟ್ಟದ್ದಕ್ಕೆ ಎಲ್ಲರೂ ಹೆದರುತ್ತಾರೆ.

ಪ್ಯಾರಾಸಿಟಮಾಲ್ ಹೊಟ್ಟೆಗೆ ಸೌಮ್ಯವಾದದ್ದು. ಆದರೆ ಮಿತಿ ಮೀರಿದರೆ ಯಕೃತ್ತನ್ನು ಹಾಳುಮಾಡುತ್ತದೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ 4 ಗ್ರಾಂ ಎಂಬುದು ಮೇಲಿನ ಎಲ್ಲೆ, ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ. 650 ಮಿಲಿಗ್ರಾಂನದಾದರೆ ಆರು. ದೇಹದ ತೂಕ ಕಡಿಮೆಯಿರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ನಿತ್ಯ ಮದ್ಯ ಸೇವಿಸುವವರಿಗೆ, ದಿನವೂ ಈ ಮಾತ್ರೆ ತೆಗೆದುಕೊಳ್ಳುವವರಿಗೆ ಮಿತಿ ಇನ್ನೂ ಕೆಳಗಿರಬೇಕು, ಅದನ್ನು ವೈದ್ಯರೇ ಹೇಳಬೇಕು. ನೆಗಡಿಯ ಮಾತ್ರೆಗಳಲ್ಲಿ ಮತ್ತು ಒಂದಕ್ಕಿಂತ ಹೆಚ್ಚು ಔಷಧ ಬೆರೆತ ಜೋಡಿ ನೋವಿನ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಅಡಗಿರುವುದರಿಂದ, ಎರಡು ಬೇರೆ ಹೆಸರಿನ ಮಾತ್ರೆ ನುಂಗಿ ಅರಿಯದೆಯೇ ಎರಡರಷ್ಟು ಸೇವಿಸುವುದು ಸುಲಭ. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರವನ್ನು ಪ್ರತಿ ಸಲವೂ ಓದಿ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರಾಕ್ಸೆನ್ ಮೊದಲಾದ ಉರಿಯೂತ ತಗ್ಗಿಸುವ ಮಾತ್ರೆಗಳು ಕೀಲುನೋವಿಗೆ ನಿಜವಾಗಿಯೂ ಕೆಲಸ ಮಾಡುತ್ತವೆ. ನನ್ನ ಅಭಿಪ್ರಾಯದಲ್ಲಿ ಜನ ಅತಿ ಹಗುರವಾಗಿ ತೆಗೆದುಕೊಂಡಿರುವ ಗುಂಪೂ ಇದೇ. ತಿಂಗಳುಗಟ್ಟಲೆ ಸೇವಿಸಿದಾಗ ಜಠರದಲ್ಲಿ ಹುಣ್ಣು ಮತ್ತು ರಕ್ತಸ್ರಾವ, ಮೂತ್ರಪಿಂಡದ ಹಾನಿ, ರಕ್ತದೊತ್ತಡದ ಏರಿಕೆ, ಹೃದಯಾಘಾತದ ಹೆಚ್ಚಿದ ಸಂಭವ, ಇಷ್ಟೂ ಇವುಗಳ ಬೆಲೆಯಾಗಬಹುದು. ಇದೇ ಗುಂಪಿನ ರೊಫೆಕಾಕ್ಸಿಬ್ ಎಂಬ ಔಷಧವನ್ನು 2004ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆದುಕೊಂಡದ್ದು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯದಿಂದಾಗಿಯೇ. ಈಗಾಗಲೇ ರಕ್ತದೊತ್ತಡದ ಕೆಲವು ಮಾತ್ರೆಗಳನ್ನೂ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಸೇವಿಸುತ್ತಿರುವವರು ಇದನ್ನು ಮೂರನೆಯದಾಗಿ ಸೇರಿಸಿಕೊಂಡರೆ ಮೂತ್ರಪಿಂಡ ಹಠಾತ್ತನೆ ಸೋಲಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹುಣ್ಣಿನ ಇತಿಹಾಸವಿರುವವರು, ವಯಸ್ಸಾದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಮಲ ಕಪ್ಪಾಗಿ ಅಂಟಂಟಾಗಿ ಹೋದರೆ ಅದು ಒಳಗಿನ ರಕ್ತಸ್ರಾವದ ಗುರುತಾಗಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಂಡಿ ಅಥವಾ ಕೈಬೆರಳ ಕೀಲಿನ ನೋವಿಗಾದರೆ ಇದೇ ಔಷಧ ಮುಲಾಮಿನ ರೂಪದಲ್ಲಿ ಸಿಗುತ್ತದೆ. ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾದ್ದರಿಂದ ಮೊದಲು ಅದನ್ನು ಪ್ರಯತ್ನಿಸುವುದು ಜಾಣತನ.

ನರದ ನೋವಿಗೆ ಮೇಲಿನ ಎರಡೂ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಇವು ಮೊದಲ ಆಯ್ಕೆಗಳು. ಮೊದಲೆರಡು ಖಿನ್ನತೆಗೆಂದೂ ಉಳಿದೆರಡು ಅಪಸ್ಮಾರಕ್ಕೆಂದೂ ಬಳಕೆಯಲ್ಲಿರುವಂಥವು. “ನನಗೇನು ತಲೆ ಕೆಟ್ಟಿದೆಯೇ, ಮನೋರೋಗದ ಮಾತ್ರೆ ಬರೆದಿದ್ದಾರಲ್ಲ” ಎಂದು ಅನೇಕರು ಚೀಟಿಯನ್ನು ಮಡಿಸಿಡುವುದು ಇಲ್ಲಿಯೇ. ಅದೇ ರಾಸಾಯನಿಕ ಬೆನ್ನುಹುರಿಯಲ್ಲಿ ನೋವಿನ ಸಂಕೇತವನ್ನೂ ತಗ್ಗಿಸುತ್ತದೆ, ಖಿನ್ನತೆ ಇಲ್ಲದವರಲ್ಲಿಯೂ ತಗ್ಗಿಸುತ್ತದೆ. ನೋವಿಗೆ ಅಮಿಟ್ರಿಪ್ಟಿಲಿನ್ ಅನ್ನು ಸಾಮಾನ್ಯವಾಗಿ ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ರಾತ್ರಿ ಹೊತ್ತು, ಎಷ್ಟೋ ಸಲ 10 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ಇವು ನುಂಗಿದ ಕೂಡಲೇ ಫಲ ಕೊಡುವ ಮಾತ್ರೆಗಳಲ್ಲ, ನಾಲ್ಕಾರು ವಾರ ಬೇಕು. ಬಾಯಿ ಒಣಗುವುದು, ಮಂಪರು, ತಲೆಸುತ್ತು ಮೊದಲು ಬರುತ್ತವೆ, ಉಪಶಮನ ಆಮೇಲೆ ಬರುತ್ತದೆ. ಎಲ್ಲರಿಗೂ ಬರುತ್ತದೆ ಎನ್ನಲಾಗದು. ಸೇವಿಸಿದವರಲ್ಲಿ ಗಣನೀಯ ಉಪಶಮನ ಕಾಣುವವರು ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಒಂದು ಕೆಲಸ ಮಾಡದಿದ್ದರೆ ಇನ್ನೊಂದಕ್ಕೆ ಬದಲಿಸಲು ವೈದ್ಯರನ್ನು ಕೇಳುವುದು ತೀರ ಸಹಜ.

ತಲೆನೋವಿನವರಿಗೆ ಒಂದು ವಿಶೇಷ ಎಚ್ಚರಿಕೆ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್ (ಮೈಗ್ರೇನ್ ತಲೆನೋವಿನ ಮಾತ್ರೆ), ಓಪಿಯಾಯ್ಡ್ (ಮಾರ್ಫಿನ್ ಜಾತಿಯ ಔಷಧ) ಅಥವಾ ಜೋಡಿ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ಸೇವಿಸಿದರೆ ಮಾತ್ರೆಯೇ ತಲೆನೋವನ್ನು ಹುಟ್ಟಿಸತೊಡಗಬಹುದು. ನಿಮ್ಮ ಪುಸ್ತಕದಲ್ಲಿ ಮಾತ್ರೆಯ ದಿನಗಳನ್ನು ಎಣಿಸಿದರೆ ಇದು ಬೇಗ ಪತ್ತೆಯಾಗುತ್ತದೆ.

ಐದನೆಯ ಹೆಜ್ಜೆ: ಚಟದ ಭಯವನ್ನು ಬಿಡಿಸಿ ನೋಡಿ

ಕೊಡೀನ್, ಟ್ರಮಡಾಲ್, ಮಾರ್ಫಿನ್ ಮುಂತಾದ ಓಪಿಯಾಯ್ಡ್ ಔಷಧಗಳ ಹೆಸರೆತ್ತಿದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಗಾಬರಿಗೆ ಕಾರಣ ಇಲ್ಲವೆಂದಲ್ಲ. ಆದರೆ ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಮಾತಿನಲ್ಲಿ ಕಲಸಿಹೋಗಿವೆ. ಅದೇ ಪ್ರಮಾಣದಿಂದ ಮೊದಲಿನಷ್ಟು ಉಪಶಮನ ಸಿಗದಿರುವುದು ದೇಹ ಔಷಧಕ್ಕೆ ಒಗ್ಗಿಕೊಂಡದ್ದರ ಗುರುತು. ತಟ್ಟನೆ ನಿಲ್ಲಿಸಿದಾಗ ಬೆವರು, ಭೇದಿ, ಚಡಪಡಿಕೆ, ನಿದ್ದೆಗೇಡು ಕಾಣಿಸಿಕೊಳ್ಳುವುದು ದೇಹದ ಅವಲಂಬನೆ; ನಿತ್ಯವೂ ಕೆಲವು ವಾರ ಸೇವಿಸಿದ ಹೆಚ್ಚುಕಡಿಮೆ ಎಲ್ಲರಲ್ಲೂ ಇದು ಆಗುವಂಥದು. ಚಟವೆಂದರೆ ಬೇರೆ: ಹಾನಿಯಾಗುತ್ತಿದೆ ಎಂದು ತಿಳಿದೂ ತಡೆಯಲಾಗದೆ ಸೇವಿಸುವುದು, ಔಷಧದ ಸುತ್ತಲೇ ದಿನ ಸುತ್ತುವುದು, ಕೆಲಸ ಮತ್ತು ಸಂಬಂಧಗಳು ಹಿಂದೆ ಸರಿಯುವುದು. ಚೀಟಿಯ ಪ್ರಕಾರ ಮಾತ್ರೆ ತೆಗೆದುಕೊಂಡು, ಅದರ ಬಲದಿಂದ ಮತ್ತೆ ಕೆಲಸಕ್ಕೆ ಹೋಗುತ್ತಿರುವವರನ್ನು ಚಟಗಾರರೆಂದು ಕರೆಯುವುದು ಅನ್ಯಾಯ. ನೋವು ತಾಳಲಾಗದೆ ಕೇಳಿದ ಮಾತನ್ನೇ ಚಟದ ಲಕ್ಷಣವೆಂದು ಓದುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಇನ್ನೊಂದು ಮಗ್ಗುಲನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕ್ಯಾನ್ಸರಲ್ಲದ ದೀರ್ಘಕಾಲದ ನೋವಿಗೆ ಓಪಿಯಾಯ್ಡ್‌ಗಳ ಪ್ರಯೋಜನ ಜನ ಎಣಿಸಿದಷ್ಟಿಲ್ಲ. ಬೆನ್ನು, ಸೊಂಟದ ಕೀಲು ಅಥವಾ ಮಂಡಿಯ ದೀರ್ಘಕಾಲದ ನೋವಿದ್ದ 240 ರೋಗಿಗಳನ್ನು ಒಂದು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಓಪಿಯಾಯ್ಡ್ ಸೇವಿಸಿದವರ ಕಾರ್ಯಕ್ಷಮತೆ ಇತರ ನೋವಿನ ಔಷಧ ಸೇವಿಸಿದವರಿಗಿಂತ ಉತ್ತಮವಾಗಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದ್ದವು. ದೀರ್ಘಕಾಲ ಸೇವಿಸಿದ ಕೆಲವರಲ್ಲಿ ಈ ಔಷಧಗಳೇ ನೋವಿನ ಸೂಕ್ಷ್ಮತೆಯನ್ನು ಹೆಚ್ಚಿಸುವುದೂ ಉಂಟು. ಮಲಬದ್ಧತೆಗೆ ದೇಹ ಒಗ್ಗಿಕೊಳ್ಳುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಔಷಧ ಕೇಳಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯ ಉಸಿರಾಟ ನಿಧಾನವಾಗುವುದು. ನಿದ್ದೆಮಾತ್ರೆ ಅಥವಾ ಮದ್ಯದ ಜೊತೆ ಸೇರಿದರೆ ಅದು ಪ್ರಾಣಕ್ಕೆ ಎರವಾಗುತ್ತದೆ. ಎಬ್ಬಿಸಿದರೂ ಏಳದ ನಿದ್ದೆ, ನೀಲಿಗಟ್ಟಿದ ತುಟಿ, ಬಿಟ್ಟು ಬಿಟ್ಟು ಬರುವ ಉಸಿರು ಕಂಡರೆ ಕಾಯದೆ ತುರ್ತು ಸಹಾಯ ಕರೆಯಬೇಕೆಂದು ಮನೆಯವರಿಗೆ ತಿಳಿಸಿರಿ. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಿ, ನಿಮಗೆ ಹೊಂದಿದೆ ಎಂದು ಇನ್ನೊಬ್ಬರಿಗೆ ಕೊಡಬೇಡಿ.

ಕ್ಯಾನ್ಸರಿನ ನೋವು ಮತ್ತು ಬದುಕಿನ ಕೊನೆಯ ದಿನಗಳ ನೋವಿನ ವಿಷಯವೇ ಬೇರೆ. ನೋವು ಮರುಕಳಿಸುವವರೆಗೆ ಕಾಯದೆ ಗಡಿಯಾರ ನೋಡಿ ಔಷಧ ಕೊಡುವ ಪದ್ಧತಿಯನ್ನು ಸಾವಿನಂಚಿನ ರೋಗಿಗಳ ಆರೈಕೆಗೆ ಹೆಸರಾದ ಬ್ರಿಟಿಷ್ ವೈದ್ಯೆ ಸಿಸಿಲಿ ಸಾಂಡರ್ಸ್ ರೂಢಿಗೆ ತಂದರು, ನೋವು ಹೆಚ್ಚಿದಂತೆ ಹಂತಹಂತವಾಗಿ ಬಲವಾದ ಔಷಧಕ್ಕೆ ಏರುವಂತೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಮೆಟ್ಟಿಲು ಪದ್ಧತಿಯೂ ಅದನ್ನೇ ಹೇಳಿತು. ಅಲ್ಲಿ “ಚಟವಾಗುತ್ತದೆ” ಎಂದು ಮಾರ್ಫಿನ್ ತಡೆಹಿಡಿಯುವುದು ರೋಗಿಗೆ ಯಾವ ಒಳಿತನ್ನೂ ಮಾಡುವುದಿಲ್ಲ.

ಆರನೆಯ ಹೆಜ್ಜೆ: ಅವಧಿ ನಿಗದಿಪಡಿಸಿ ಪರೀಕ್ಷಿಸಿ

ಹೊಸ ಔಷಧ ಆರಂಭಿಸುವಾಗ ಎಷ್ಟು ವಾರ ನೋಡುವುದು, ಏನು ಬದಲಾದರೆ ಮುಂದುವರಿಸುವುದು, ಏನು ಕಂಡರೆ ನಿಲ್ಲಿಸುವುದು ಎಂಬುದನ್ನು ಅಂದೇ ವೈದ್ಯರೊಂದಿಗೆ ಮಾತಾಡಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡನ್ನು ಒಟ್ಟಿಗೆ ಶುರುಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಅವಧಿ ಮುಗಿದಾಗ ಮೊದಲ ಪುಟದ ಗುರಿಯನ್ನೂ ದಿನಗಳ ಅಂಕವನ್ನೂ ಪಕ್ಕದಲ್ಲಿಟ್ಟು ನೋಡಿ. ಕೆಲಸ ಮಾಡದ ಔಷಧವನ್ನು ಅಭ್ಯಾಸಬಲದಿಂದ ಮುಂದುವರಿಸುವುದು ಎಷ್ಟು ಸಾಮಾನ್ಯವೋ, ಕೆಲಸ ಮಾಡುತ್ತಿರುವುದನ್ನು ನಾಚಿಕೆಯಿಂದ ಬಿಡುವುದೂ ಅಷ್ಟೇ ಸಾಮಾನ್ಯ.

ಏಳನೆಯ ಹೆಜ್ಜೆ: ಔಷಧ ತೆರೆದುಕೊಟ್ಟ ಬಿಡುವನ್ನು ಬಳಸಿಕೊಳ್ಳಿ

ನೋವು ಕಡಿಮೆಯಾದ ದಿನ ಉಳಿದ ಕೆಲಸವನ್ನೆಲ್ಲ ಒಂದೇ ಸಲ ಮುಗಿಸಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವ ಚಕ್ರಕ್ಕೆ ಬಹುತೇಕ ಎಲ್ಲರೂ ಸಿಲುಕುತ್ತಾರೆ. ಅದರಿಂದ ಹೊರಬರಲು ಚಟುವಟಿಕೆಯ ಅಳತೆಯನ್ನು ನೋವಿನ ಕೈಯಿಂದ ಬಿಡಿಸಿ ಸಮಯದ ಕೈಗೆ ಕೊಡಬೇಕು. ಕೆಟ್ಟ ದಿನದಲ್ಲೂ ನಡೆಯಬಲ್ಲಷ್ಟು ಹೊತ್ತನ್ನು ಗುರುತಿಸಿ, ಒಳ್ಳೆಯ ದಿನದಲ್ಲೂ ಅಷ್ಟೇ ನಡೆಯಿರಿ, ವಾರಕ್ಕೊಮ್ಮೆ ಸ್ವಲ್ಪವೇ ಹೆಚ್ಚಿಸಿ. ವೈದ್ಯರು ಅಪಾಯಕರ ಕಾರಣವಿಲ್ಲವೆಂದು ಹೇಳಿದ ಮೇಲೆ, ಚಲನೆಯಲ್ಲಿ ಸ್ವಲ್ಪ ನೋವಾದರೆ ಹಾನಿಯಾಯಿತೆಂದು ಅರ್ಥವಲ್ಲ. ಫಿಸಿಯೋಥೆರಪಿಗೆ ಮುನ್ನ ಮಾತ್ರೆ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ, ವ್ಯಾಯಾಮ ಸಾಧ್ಯವಾಗುವುದಾದರೆ ಅದು ಮಾತ್ರೆಯ ಅತ್ಯುತ್ತಮ ಬಳಕೆ. ನಿದ್ದೆಗೆಟ್ಟ ರಾತ್ರಿಯ ಮರುದಿನ ನೋವು ಏರುವುದರಿಂದ ನಿದ್ದೆಯ ತೊಂದರೆಯನ್ನು ಪ್ರತ್ಯೇಕವಾಗಿ ವೈದ್ಯರಿಗೆ ಹೇಳಿ. ಮನೋಚಿಕಿತ್ಸಕರ ಬಳಿ ಕಳುಹಿಸಿದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ಆಲೋಚನೆ ಮತ್ತು ನಡವಳಿಕೆಯ ಚಿಕಿತ್ಸೆ ನೋವಿನೊಂದಿಗೆ ಬದುಕುವವರಿಗೆ ನೆರವಾಗುತ್ತದೆಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ನೋವು ಉಲ್ಬಣಿಸುವ ದಿನಗಳಿಗೆ ಮೊದಲೇ ಒಂದು ಚೀಟಿ ಬರೆದಿಡಿ: ಆ ದಿನ ಯಾವ ಕೆಲಸ ಬಿಡುವುದು, ಯಾವುದನ್ನು ಅರ್ಧ ಮಾಡುವುದು, ವೈದ್ಯರು ಒಪ್ಪಿದ ಹೆಚ್ಚುವರಿ ಮಾತ್ರೆ ಯಾವುದು ಮತ್ತು ಎಷ್ಟು ದಿನಕ್ಕೆ, ಯಾವಾಗ ಫೋನ್ ಮಾಡುವುದು. ಆ ಚೀಟಿ ಮನೆಯವರ ಕಣ್ಣಿಗೂ ಬೀಳುವಲ್ಲಿ ಇರಲಿ. ಅವರಿಗೆ “ನೋವು ಎಷ್ಟಿದೆ” ಎಂದು ಪದೇ ಪದೇ ಕೇಳುವ ಬದಲು “ಇವತ್ತು ಯಾವ ಕೆಲಸ ನಾನು ಮಾಡಲಿ” ಎಂದು ಕೇಳಿ ಎನ್ನಿ.

ಕೊನೆಯ ಹೆಜ್ಜೆ: ಬಿಡುವುದಾದರೆ ನಿಧಾನವಾಗಿ ಬಿಡಿ

ಯಾರದೋ ಮಾತಿಗೆ ನೊಂದು ಒಂದು ಬೆಳಿಗ್ಗೆ ಎಲ್ಲ ಮಾತ್ರೆಗಳನ್ನೂ ಕಸದ ಬುಟ್ಟಿಗೆ ಹಾಕುವುದು ಧೈರ್ಯದ ಕೆಲಸದಂತೆ ಕಾಣಬಹುದು, ಆದರೆ ಅದು ಅಪಾಯಕರ. ಓಪಿಯಾಯ್ಡ್ ಮಾತ್ರವಲ್ಲ, ನರನೋವಿನ ಮಾತ್ರೆಗಳನ್ನೂ ಹಂತಹಂತವಾಗಿ ಇಳಿಸಬೇಕು. ಓಪಿಯಾಯ್ಡ್ ಬಳಕೆಯ ಬಗ್ಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಹಲವೆಡೆ ಬಿಗಿ ನಿಯಮದಂತೆ ಹೇರಿ, ರೋಗಿಗಳ ಔಷಧವನ್ನು ಒಮ್ಮೆಲೇ ಕಡಿತಗೊಳಿಸಿ ತೊಂದರೆಗೆ ದೂಡಿದ್ದುಂಟು. 2022ರ ಪರಿಷ್ಕೃತ ಆವೃತ್ತಿ ತಟ್ಟನೆ ನಿಲ್ಲಿಸುವುದರ ವಿರುದ್ಧ ಎಚ್ಚರಿಸಿತು. ವರ್ಷಕ್ಕಿಂತ ಹೆಚ್ಚು ಕಾಲ ಓಪಿಯಾಯ್ಡ್ ಸೇವಿಸಿದವರಿಗೆ ತಿಂಗಳಿಗೆ ಶೇಕಡಾ 10ರಷ್ಟು ಅಥವಾ ಅದಕ್ಕಿಂತ ನಿಧಾನವಾದ ಇಳಿಕೆ ಸಹನೀಯವಾಗುವ ಸಾಧ್ಯತೆ ಹೆಚ್ಚು. ಇಳಿಸಿದ ಮೊದಲ ದಿನಗಳಲ್ಲಿ ನೋವು ಏರಿದರೆ ಅದು ಔಷಧ ಕಡಿಮೆಯಾದದ್ದಕ್ಕೆ ದೇಹದ ತಾತ್ಕಾಲಿಕ ಪ್ರತಿಕ್ರಿಯೆಯಾಗಿರಬಹುದು, ಕಷ್ಟವಾದರೆ ಇಳಿಕೆಯನ್ನು ಅಲ್ಲಿಯೇ ಕೆಲವು ವಾರ ನಿಲ್ಲಿಸಲು ವೈದ್ಯರನ್ನು ಕೇಳಬಹುದು. ಪೂರ್ತಿ ಬಿಟ್ಟ ಮೇಲೆ ಗುರಿಯ ಕೆಲಸಗಳು ಮತ್ತೆ ಕೈತಪ್ಪಿದರೆ ಪುಸ್ತಕವನ್ನು ತೆಗೆದುಕೊಂಡು ವೈದ್ಯರ ಬಳಿ ಹೋಗಿ. ಹಳೆಯ ಓಪಿಯಾಯ್ಡ್ ಪ್ರಮಾಣವನ್ನು ನೀವಾಗಿಯೇ ಮತ್ತೆ ಆರಂಭಿಸಬೇಡಿ, ಏಕೆಂದರೆ ಅದಕ್ಕೆ ಒಗ್ಗಿಕೊಂಡಿದ್ದ ದೇಹ ಆ ಶಕ್ತಿಯನ್ನು ಅಷ್ಟರಲ್ಲಿ ಕಳೆದುಕೊಂಡಿರುತ್ತದೆ, ಮೊದಲು ಸಹಿಸಿದ್ದ ಅದೇ ಪ್ರಮಾಣ ಈಗ ಉಸಿರು ನಿಲ್ಲಿಸಬಹುದು.